ಮೊದಲು ಕರೆ, ಆಮೇಲೆ ವಿಷಯ

ಕಾರಿನ ಬೀಗದಕೈ ಹೆಣದ ಜೇಬಿನಲ್ಲೇ ಉಳಿದುಬಿಟ್ಟಿತ್ತು. ಮೇಷ್ಟ್ರ ಹೆಂಡತಿ ಬಗ್ಗಿ, ಹೊದಿಸಿದ್ದ ಬಿಳಿ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಗಂಡನ ಪ್ಯಾಂಟಿನ ಜೇಬಿಗೆ ಕೈ ಹಾಕಿದಳು. ಬದುಕಿದ್ದಾಗ ಕೇಳದೆ ಈ ಜೇಬು ಮುಟ್ಟಿದ್ದರೆ ದೊಡ್ಡ ರಂಪವಾಗುತ್ತಿತ್ತು. ಬೀಗದಕೈಯ ಜೊತೆ ಒಂದು ಪುಟ್ಟ ಸ್ಕ್ರೂಡ್ರೈವರ್ ಬಂತು, ಎರಡು ಕೆಮ್ಮಿನ ಮಾತ್ರೆ ಬಂದವು. ನಿನ್ನೆ ಬೆಳಗಿನ ಪಾಠ ಮುಗಿಸಿ ಬಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಮಾತ್ರೆ ಹಾಗೇ ಮಿಕ್ಕಿತ್ತು.

"ಸಿಕ್ತಾ ಅಮ್ಮ?" ಬಾಗಿಲಲ್ಲಿ ನಿಂತಿದ್ದ ಕಾರ್ಯದರ್ಶಿ ಕೇಳಿದ. ಔಷಧಿ ಅಂಗಡಿ ಇಟ್ಟುಕೊಂಡಿದ್ದವನು. ಊರಿನ ಹ್ಯಾಮ್ ರೇಡಿಯೊ ಕ್ಲಬ್ಬಿನ ಕಾರ್ಯದರ್ಶಿಯೂ ಅವನೇ.

"ಸಿಕ್ತು. ಈಗ ಕಾರು ಯಾಕಪ್ಪ? ಅವರೇ ಓಡಿಸಿಕೊಂಡು ಹೋಗ್ತಾರಾ?"

ಕಾರ್ಯದರ್ಶಿ ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದ. "ಟ್ಯಾಂಕಿನ ಗುಡ್ಡದ ಮೇಲೆ ನಿಲ್ಲಿಸ್ತೀವಮ್ಮ. ಸ್ಮಶಾನ ತಗ್ಗಿನಲ್ಲಿದೆ. ಅಲ್ಲಿಂದ ಕೈಸೆಟ್ಟಲ್ಲಿ ಮಾತಾಡಿದ್ರೆ ಪಕ್ಕದ ಬೀದಿಗೂ ಹೋಗಲ್ಲ. ಕಾರಿನ ಸೆಟ್ಟು ಅದನ್ನ ಒಂದು ಬ್ಯಾಂಡಲ್ಲಿ ಹಿಡಿದು, ಇನ್ನೊಂದು ಬ್ಯಾಂಡಲ್ಲಿ ಜೋರಾಗಿ..."

"ಬೆಟ್ಟದಾಚೆಗೆ ಕಳಿಸುತ್ತೆ. ಕ್ರಾಸ್‌ಬ್ಯಾಂಡು," ಎಂದಳು ಆಕೆ. "ಮೂವತ್ತಾರು ವರ್ಷ ಅದರ ಜೊತೆ ಸಂಸಾರ ಮಾಡಿದ್ದೀನಿ. ನನಗೆ ಹೇಳಿಕೊಡ್ತೀಯಾ?"

"ಆಚೆಯವರೆಲ್ಲ ಸೆಟ್ಟು ಹಚ್ಚಿಕೊಂಡು ಕಾಯ್ತಿದ್ದಾರಮ್ಮ. ನಮ್ಮಲ್ಲಿ ಒಂದು ಪದ್ಧತಿ. ಹೋದವರ ಕಾಲ್‌ಸೈನನ್ನ, ಅವರ ರೇಡಿಯೊ ಹೆಸರನ್ನ, ಮೂರು ಸಲ ಕರೀತೀವಿ. ಉತ್ತರ ಬರಲ್ಲ. ಆಮೇಲೆ ಮನೆಯವರು ಎರಡು ಮಾತು ಹೇಳ್ತಾರೆ."

"ಮೂವತ್ತೊಂದು ವರ್ಷದಿಂದ ಆ ಗುಂಡಿ ಮುಟ್ಟಿಲ್ಲ ನಾನು."

"ಅಮ್ಮ, ಅಪ್ಪನಿಗೋಸ್ಕರ," ಎಂದಳು ಮಗಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. ಆಕೆ ಬೀಗದಕೈಯನ್ನು ಅವಳ ಅಂಗೈಗೆ ಹಾಕಿದಳು. "ನೀನೇ ಓಡಿಸಿಕೊಂಡು ಹೋಗು. ನನ್ನದು ಆಮೇಲೆ ನೋಡೋಣ."

ಊರಿಗೆ ಅವರು ಡ್ರೈವಿಂಗ್ ಮೇಷ್ಟ್ರು. ಎರಡು ಬ್ರೇಕಿನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಅರ್ಧ ಊರಿಗೆ ಗಾಡಿ ಕಲಿಸಿದವರು. ಡ್ಯಾಶ್‌ಬೋರ್ಡಿನ ಕೆಳಗೆ, ಮೊಣಕಾಲಿಗೆ ತಾಗುವ ಹಾಗೆ ರೇಡಿಯೊ ಸೆಟ್ಟು. ಸರಿಯಾಗಿ ಗೇರು ಬದಲಿಸುವ ಹೊತ್ತಿಗೆ ಅದು ಗೊರಗೊರ ಎಂದು ಬಾಯಿ ತೆರೆದು, ಎಷ್ಟೋ ಜನ ಗಾಡಿಯನ್ನು ಚರಂಡಿಗೆ ಇಳಿಸಿದ್ದುಂಟು. ಕಾರು ಮೂರು ಬದಲಾದವು, ಸೆಟ್ಟು ಮಾತ್ರ ಅದೇ. ಮೇಷ್ಟ್ರಿಗೆ ಕ್ರಮ ತಪ್ಪಿದರೆ ಸಿಟ್ಟು. ಗಾಡಿಯಲ್ಲಿ 'ಮೊದಲು ಕನ್ನಡಿ, ಆಮೇಲೆ ಗೇರು'. ರೇಡಿಯೊದಲ್ಲಿ 'ಮೊದಲು ಕರೆ, ಆಮೇಲೆ ವಿಷಯ'. ಕರೆದವರು ಕಾಯಬೇಕು, ಆ ಕಡೆಯಿಂದ 'ಹೇಳಿ' ಎಂದು ಬರುವ ತನಕ ವಿಷಯ ಎತ್ತಬಾರದು. ಮನೆಯಲ್ಲೂ ಅದೇ ಕಾನೂನು. ಹಾಲು ಉಕ್ಕುತ್ತಿದ್ದರೂ ಆಕೆ 'ರೀ' ಎಂದು ಕರೆದು, 'ಹೇಳು' ಅನ್ನಿಸಿಕೊಂಡು, ಆಮೇಲೆ ಹಾಲಿನ ಸುದ್ದಿ ಹೇಳಬೇಕು. ಅಷ್ಟರಲ್ಲಿ ಹಾಲು ಒಲೆಯ ಪಾಲಾಗಿರುತ್ತಿತ್ತು.

*

ನದಿ ಊರೊಳಗೆ ಬಂದ ವರ್ಷ ಅವರ ಮನೆ ಕೆಳಬೀದಿಯ ಕೊನೆಯಲ್ಲಿತ್ತು. ಬೆಳಗಾಗುವ ಹೊತ್ತಿಗೆ ಮೊಣಕಾಲುದ್ದ ನೀರು, ಟೆಲಿಫೋನು ಸತ್ತಿತ್ತು. ಅಕ್ಕಪಕ್ಕದವರು ಗಂಟುಮೂಟೆ ಹೊತ್ತು ಶಾಲೆಯ ಕಟ್ಟಡಕ್ಕೆ ಹೋಗಿದ್ದರು. ಆಕೆ ಹೋಗುವಂತಿರಲಿಲ್ಲ. ಹೆರಿಗೆಗೆಂದು ಬಂದಿದ್ದ ತಂಗಿ ತುಂಬು ಬಸುರಿ, ಮೆಟ್ಟಿಲಿಳಿಯಲೂ ಆಗದ ಸ್ಥಿತಿ.

"ಮಹಡಿ ಮೇಲೆ ಇರಿ," ಎಂದರು ಮೇಷ್ಟ್ರು. ಕಾರು ಮೇಲಿನ ರಸ್ತೆಯಲ್ಲಿತ್ತು. "ನಾನು ಗುಡ್ಡಕ್ಕೆ ಹೋಗ್ತೀನಿ. ಅಲ್ಲಿಂದ ಬೆಟ್ಟದಾಚೆ ಪರಿಹಾರ ಕಚೇರಿಗೆ ಮಾತು ಮುಟ್ಟುತ್ತೆ. ದೋಣಿ ಕಳಿಸೋದು ಅವರೇ." ಕೈಸೆಟ್ಟನ್ನು ಹೆಂಡತಿಯ ಕೈಗೆ ಕೊಟ್ಟರು. "ಇದನ್ನ ಒತ್ತಿ ಕರಿ. ನಿನ್ನ ಮಾತು ಕಾರಿಗೆ ಬಂದು, ಕಾರಿಂದ ಆಚೆಗೂ ಹೋಗುತ್ತೆ. ಆಚೆಯವರು ಮಾತಾಡಿದ್ರೆ ಈ ಹಸಿರು ದೀಪ ಹತ್ತುತ್ತೆ. ಕ್ರಮ ಗೊತ್ತಲ್ಲ?"

"ಮೊದಲು ಕರೆ."

"ಆಮೇಲೆ ವಿಷಯ," ಎಂದು ಮುಗಿಸಿ, ಪ್ಯಾಂಟು ಮಡಚಿ ನೀರಿಗಿಳಿದು ಹೋದರು.

ಬೆಳಿಗ್ಗೆಯೆಲ್ಲ ಹಸಿರು ದೀಪ ಮಿಣುಕುತ್ತಲೇ ಇತ್ತು. ಗಿರಣಿಯ ಛಾವಣಿಯ ಮೇಲೆ ಹದಿನಾರು ಜನ ಸಿಕ್ಕಿಕೊಂಡಿದ್ದಾರೆ, ದೋಣಿ ಸೇತುವೆಯ ಹತ್ತಿರ ಇದೆ ಎಂದು ಆಚೆಯ ದನಿಗಳು ಆಡಿಕೊಳ್ಳುತ್ತಿದ್ದವು. ಹತ್ತು ಗಂಟೆಗೆ ತಂಗಿಗೆ ಹೆರಿಗೆಯಾಯಿತು. ಹೆಣ್ಣುಮಗು, ಜೋರಾಗಿ ಅತ್ತಿತು. ರಕ್ತ ಮಾತ್ರ ನಿಲ್ಲಲಿಲ್ಲ.

ಆಕೆ ಗುಂಡಿ ಒತ್ತಿದಳು. "ಮನೆಯಿಂದ ಕರೀತಿದ್ದೀನಿ. ಕೇಳಿಸ್ತಾ ಇದೆಯಾ?" ಬಿಟ್ಟಳು, ಕಾದಳು. ಮತ್ತೆ ಒತ್ತಿ ಅದೇ ಮಾತು ಹೇಳಿ ಬಿಟ್ಟಳು. ಎರಡನೇ ಕರೆಯಾದ ಮೇಲೆ ಹಸಿರು ದೀಪ ಆರಿತು. ಆಚೆಯ ದನಿಗಳೂ ನಿಂತವು. ಸೆಟ್ಟು ಮೂಕವಾಯಿತು.

ಆದರೂ ಆಕೆ ಕ್ರಮ ಬಿಡಲಿಲ್ಲ. ಒತ್ತಿ ಕರೆದು, ಬಿಟ್ಟು ಕಾದಳು.

"ಅಕ್ಕ, ಯಾರಾದ್ರೂ 'ಹೇಳಿ' ಅಂದ್ರಾ?" ಎಂದು ತಂಗಿ ಕೇಳುತ್ತಿದ್ದಳು.

"ಈಗ ಅಂತಾರೆ ಕಣೆ."

ಎರಡು ಗಂಟೆಯ ಹೊತ್ತಿಗೆ ತಂಗಿ ಕೇಳುವುದನ್ನು ನಿಲ್ಲಿಸಿದಳು.

ಮರುದಿನ ಮೇಷ್ಟ್ರು ಸೊಂಟದವರೆಗೆ ಕೆಸರು ಮೆತ್ತಿಕೊಂಡು ಬಂದರು. ಹೆಣ ನೋಡಿದರು, ಮಗುವನ್ನು ನೋಡಿದರು. ಆಮೇಲೆ ಕೈಸೆಟ್ಟಿನ ಬೆನ್ನು ಬಿಚ್ಚಿ ಒಳಗೆ ಇಣುಕಿದರು. "ತಂತಿ ಬಿಟ್ಟುಹೋಗಿದೆ," ಎಂದರು. "ನಿನ್ನ ಒಂದು ಮಾತೂ ಹೊರಗೆ ಹೋಗಿಲ್ಲ."

ಆ ಮಾತೇ ಆಕೆಯನ್ನು ಉಳಿಸಿತು. ಪೆಟ್ಟಿಗೆ ಕೈಕೊಟ್ಟರೆ ಗಂಡ ಏನು ಮಾಡಿಯಾನು, ತಾನೇನು ಮಾಡಿಯಾಳು? ತಂಗಿಯ ಗಂಡ ವರ್ಷ ತುಂಬುವ ಮೊದಲೇ ಇನ್ನೊಂದು ಮದುವೆಯಾದ. ಮಗು ಇವರನ್ನೇ ಅಪ್ಪ, ಅಮ್ಮ ಎಂದಿತು. ಗಿರಣಿಯ ಹದಿನಾರು ಜನರೂ ಬದುಕಿದ್ದರು. ಅದಕ್ಕೆ ಮೇಷ್ಟ್ರಿಗೆ ಸಿಕ್ಕ ಪ್ರಶಸ್ತಿಪತ್ರ ಗಾಜು ಹಾಕಿಸಿಕೊಂಡು ಹಜಾರದ ಗೋಡೆ ಏರಿತು.

*

ಅಂಗಳದ ಬಾಡಿಗೆ ಕುರ್ಚಿಗಳಲ್ಲಿ ಜನ ಕೂತಿದ್ದರು. ಎಲ್ಲರ ಮಧ್ಯೆ ಒಬ್ಬ ಮುದುಕರು ಗೋಡೆಯ ಪ್ರಶಸ್ತಿಪತ್ರವನ್ನು ಬಾಗಿಲಿನಿಂದಲೇ ನೋಡುತ್ತಿದ್ದರು. ಬೆಟ್ಟದಾಚೆ ಊರಿನಲ್ಲಿ ಗಡಿಯಾರ ರಿಪೇರಿ ಮಾಡುವವರು. ಮೇಷ್ಟ್ರ ಜೊತೆ ನಲವತ್ತು ವರ್ಷ ರೇಡಿಯೊದಲ್ಲಿ ಮಾತಾಡಿದ್ದರೂ, ಈ ಮನೆಯ ಹೊಸ್ತಿಲು ತುಳಿದದ್ದು ಇವತ್ತೇ.

"ಪ್ರವಾಹದ ದಿನ ಪರಿಹಾರ ಕಚೇರಿಯಲ್ಲಿ ಸೆಟ್ಟಿನ ಮುಂದೆ ಕೂತಿದ್ದವನು ನಾನೇ," ಎಂದು ಅವರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಎಂಥ ಶಿಸ್ತು ರೀ ಆ ಮನುಷ್ಯಂದು! ದೊಡ್ಡ ಸಾಹೇಬರೇ ಬಂದು ನನ್ನ ಕೈಯಿಂದ ಮೈಕ್ ತಗೊಂಡಿದ್ರು. ಆಗ ನಡುವೆ ಒಂದು ಹೆಣ್ಣು ದನಿ. 'ಮನೆಯಿಂದ ಕರೀತಿದ್ದೀನಿ, ಕೇಳಿಸ್ತಾ ಇದೆಯಾ?' ಅಂತ. ಎರಡು ಸಲ ಬಂತು. ನೀವೇ ಅಲ್ವಾ ಅಮ್ಮ ಅದು?"

ಮೇಷ್ಟ್ರ ಹೆಂಡತಿ ಕೈಯಲ್ಲಿದ್ದ ನೀರಿನ ಲೋಟಗಳ ತಟ್ಟೆಯನ್ನು ಕುರ್ಚಿಯ ಮೇಲಿಟ್ಟಳು. "ನನ್ನ ದನಿ ನಿಮಗೆ ಬಂತಾ?"

"ಬಂತಾ ಅಂದ್ರೆ! ಪಕ್ಕದಲ್ಲಿ ಕೂತು ಮಾತಾಡಿದಷ್ಟು ಸ್ವಚ್ಛ."

"ಎಷ್ಟು ಹೊತ್ತಿಗೆ?"

"ಹತ್ತು ಇಪ್ಪತ್ತು. ಗಡಿಯಾರದವನು ನಾನು, ಗಂಟೆ ಮರೆತ್ರೆ ಹೊಟ್ಟೆಪಾಡು ನಡೆಯುತ್ತಾ? ತಕ್ಷಣ ಸೆಟ್ಟಿನಲ್ಲಿ ಮೇಷ್ಟ್ರು ಬಂದ್ರು. 'ಕ್ಷಮಿಸಿ ಸರ್, ಅದು ನಮ್ಮ ಮನೆ. ತುರ್ತೇನೂ ಇರಲ್ಲ. ಮನೆ ಕಡೆಯ ಬ್ಯಾಂಡನ್ನ ಮುಚ್ಚಿದ್ದೀನಿ, ನೀವು ಹೇಳಿ' ಅಂದ್ರು. ಆಮೇಲೆ ಒಂದು ಸದ್ದಿಲ್ಲ. ಸ್ವಂತ ಮನೆ ಕರೀತಾ ಇದ್ರೂ ಊರಿನ ಕೆಲಸ ಮೊದಲು. ಈಗ ಯಾರು ಮಾಡ್ತಾರೆ ಹೇಳಿ?"

"ಯಾರೂ ಮಾಡಲ್ಲ," ಎಂದು ಕುರ್ಚಿಗಳಲ್ಲಿ ಕೂತವರು ತಲೆಯಾಡಿಸಿದರು.

"ನೀವೂ ಏನು ಕಡಿಮೆಯಲ್ಲಮ್ಮ," ಗಡಿಯಾರದವರು ಆಕೆಯ ಕಡೆ ತಿರುಗಿ ಕೈಮುಗಿದರು. "ಕರೆದು ಸುಮ್ಮನೆ ಕಾದಿರಿ. ಈಗಿನವರು ಕರೆಯೋದೇ ಇಲ್ಲ, ಬಂದದ್ದನ್ನ ಒದರಿಬಿಡ್ತಾರೆ. ಮೇಷ್ಟ್ರ ಮನೆ ಅಂದ್ರೆ ಹೀಗಿರಬೇಕು ಅಂದ್ಕೊಂಡೆ ಆವತ್ತು. ಅಂದ ಹಾಗೆ, ಏನಿತ್ತಮ್ಮ ವಿಷಯ?"

ಪಾಪ, ಮುದುಕರಿಗೆ ಗೊತ್ತಿಲ್ಲ. ಆವತ್ತು ಸತ್ತ ಹನ್ನೊಂದು ಜನರ ಪಟ್ಟಿಯಲ್ಲಿ ತನ್ನ ನಾದಿನಿಯೂ ಇದ್ದಳೆಂದು ಮೇಷ್ಟ್ರು ರೇಡಿಯೊದಲ್ಲಿ ಯಾಕೆ ಹೇಳಿಯಾರು?

"ಹೇಳ್ತೀನಿ," ಎಂದಷ್ಟೇ ಹೇಳಿ ಆಕೆ ಒಳಗೆ ಹೋದಳು.

*

ಅಡುಗೆಮನೆಯಲ್ಲಿ ಮೊಳೆಗೆ ಕೈಸೆಟ್ಟು ನೇತಾಡುತ್ತಿತ್ತು. ಪ್ರವಾಹವಾದ ಮುಂದಿನ ವಾರದಿಂದ ಅದು ಅಲ್ಲೇ ಇತ್ತು. ಪ್ರತಿ ಭಾನುವಾರ ಮೇಷ್ಟ್ರು ಅದರ ಬ್ಯಾಟರಿ ತೆಗೆದು ಚಾರ್ಜಿಗೆ ಹಾಕಿ, ಮತ್ತೆ ಕೂರಿಸಿ, ಒರೆಸಿ, ಅದೇ ಮೊಳೆಗೆ ತೂಗುಹಾಕುತ್ತಿದ್ದರು. ಕಾರಿನ ಸೆಟ್ಟನ್ನು ಕ್ರಾಸ್‌ಬ್ಯಾಂಡಿನಿಂದ ತೆಗೆದದ್ದೇ ಇಲ್ಲ. ಪಾಠ ಹೇಳುವಾಗಲೂ ಆ ಕಡೆಯ ಕಿವಿ ಮನೆಗೆ ತೆರೆದೇ ಇರುತ್ತಿತ್ತು. ಮುದುಕನ ಹುಚ್ಚು ಎಂದುಕೊಂಡಿದ್ದಳು ಆಕೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹಾಗಾದರೆ ತಂತಿ ಬಿಟ್ಟಿರಲಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತ್ತು. ಬಾಯಿಲ್ಲದ ಪೆಟ್ಟಿಗೆ ಮೂವತ್ತೊಂದು ವರ್ಷ ಆ ಅಪವಾದ ಹೊತ್ತು ಮೊಳೆಯ ಮೇಲೆ ನೇತಾಡಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ. ಆಕೆಗೆ ಒಳಕ್ಕೆ ಹೋಗಿ ಆ ಹೆಣವನ್ನು ಭುಜ ಹಿಡಿದು ಅಲುಗಿಸಬೇಕೆನ್ನಿಸಿತು.

ಆದರೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಎರಡು ಸಲ ದಾರಿ ತೆರೆದಿತ್ತು. ಬೆಟ್ಟದಾಚೆ ಇಡೀ ಕಚೇರಿ ಕಿವಿ ಕೊಟ್ಟು ಕೂತಿತ್ತು, ದೊಡ್ಡ ಸಾಹೇಬರ ಕೈಯಲ್ಲಿ ಮೈಕಿತ್ತು, ಸೇತುವೆಯ ಹತ್ತಿರ ದೋಣಿಯಿತ್ತು. 'ರಕ್ತ ನಿಲ್ತಾ ಇಲ್ಲ' ಎಂಬ ಮೂರು ಮಾತು ಒದರಿಬಿಟ್ಟಿದ್ದರೆ ಸಾಕಿತ್ತು. ಆಕೆ ಒದರಲಿಲ್ಲ. ಕೇಳಿಸ್ತಾ ಇದೆಯಾ ಎಂದು ಕೇಳಿದಳು, ಶಿಸ್ತಾಗಿ ಕಾದಳು. ತಂಗಿಗೆ ಇನ್ನೂ ಮೂರು ಗಂಟೆ ನಲವತ್ತು ನಿಮಿಷ ಜೀವವಿತ್ತು.

ಆಕೆ ಕೈಸೆಟ್ಟನ್ನು ಮೊಳೆಯಿಂದ ತೆಗೆದಳು. ಬ್ಯಾಟರಿ ತುಂಬಿತ್ತು. ಮೊನ್ನೆ ತಾನೇ ಭಾನುವಾರವಾಗಿತ್ತು.

*

ಸ್ಮಶಾನದ ಮಣ್ಣು ಒಣಗಿ ಹೆಂಟೆಯಾಗಿತ್ತು. ಶವಪೆಟ್ಟಿಗೆ ಇಳಿಸಿದರು, ಹೆಂಟೆಗಳು ಅದರ ಮೇಲೆ ದಡದಡ ಬಿದ್ದವು. ಗುಡ್ಡದ ಮೇಲೆ ಟ್ಯಾಂಕಿನ ಪಕ್ಕ ಮೇಷ್ಟ್ರ ಕಾರು ಕಾಣುತ್ತಿತ್ತು, ತಲೆಯ ಮೇಲೆ 'ಕಲಿಯುವವರ ವಾಹನ' ಎಂಬ ಹಲಗೆ. ಕಾರು ನಿಲ್ಲಿಸಿ ಮೆಟ್ಟಿಲಿಳಿದು ಬಂದ ಮಗಳು ಏದುಸಿರು ಬಿಡುತ್ತ ಆಕೆಯ ಪಕ್ಕ ನಿಂತಳು. "ಸೆಟ್ಟು ಹಾಕಿದ್ದೀನಮ್ಮ. ಎರಡೂ ಕಡೆ ತೆರೆದಿದೆ."

"ಎರಡೂ ಕಡೆ? ಸರಿಯಾಗಿ ನೋಡಿದೆಯಾ?"

"ನೋಡಿದೆ."

ಕಾರ್ಯದರ್ಶಿ ತನ್ನ ಕೈಸೆಟ್ಟಿನಲ್ಲಿ ಮೇಷ್ಟ್ರ ಕಾಲ್‌ಸೈನನ್ನು ಅಕ್ಷರ ಅಕ್ಷರವಾಗಿ ಕರೆದ. ಬಿಟ್ಟು ಕಾದ. ಮೂರು ಸಲ ಹಾಗೆ ಕರೆದ. ಯಾರೂ ಉತ್ತರ ಕೊಡಲಿಲ್ಲ. ಮಗಳು ಬಿಕ್ಕಿದಳು. ಗಡಿಯಾರದವರು ಕಣ್ಣು ಒರೆಸಿಕೊಂಡರು.

"ಈಗ ಅವರ ಮನೆಯವರು ಮಾತಾಡ್ತಾರೆ," ಎಂದ ಕಾರ್ಯದರ್ಶಿ, ಮೆಲ್ಲಗೆ ಆಕೆಗೆ ಸನ್ನೆ ಮಾಡಿದ. "ಮೊದಲು ಕರೀರಿ ಅಮ್ಮ, ಆಮೇಲೆ..."

ಆಕೆ ಮೊಳೆಯಿಂದ ತಂದ ತನ್ನ ಕೈಸೆಟ್ಟನ್ನು ಬಾಯಿಯ ಹತ್ತಿರ ಹಿಡಿದಳು. ಗುಂಡಿ ಒತ್ತಿದಳು. ಕರೆಯಲಿಲ್ಲ.

"ಕೆಳಬೀದಿ, ಕೊನೇ ಮನೆ, ಮಹಡಿ ಮೇಲೆ. ನನ್ನ ತಂಗಿಗೆ ಹೆರಿಗೆ ಆಗಿದೆ. ಮಗು ಚೆನ್ನಾಗಿದೆ. ತಂಗಿಗೆ ರಕ್ತ ನಿಲ್ತಾ ಇಲ್ಲ. ಡಾಕ್ಟರನ್ನ ಕಳಿಸಿ. ದೋಣಿ ಕಳಿಸಿ. ಈಗ ಹತ್ತು ಇಪ್ಪತ್ತು."

ಬಿಟ್ಟಳು.

ಗಡಿಯಾರದವರ ಬಾಯಿ ತೆರೆದದ್ದು ತೆರೆದೇ ಇತ್ತು. ಕಾರ್ಯದರ್ಶಿ ಗಾಬರಿಯಾಗಿ ಆಚೆಯವರಿಗೆ ಏನೋ ವಿವರಿಸಲು ತನ್ನ ಸೆಟ್ಟು ಎತ್ತಿದ. ಮಗಳು ಅವನ ಮಣಿಕಟ್ಟು ಹಿಡಿದು ಕೆಳಗಿಳಿಸಿದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಆಮೇಲೆ ಆಕೆಯ ಕೈಯೊಳಗಿನ ಸೆಟ್ಟು ಗೊರಗೊರ ಎಂದಿತು.

"ಕೇಳಿಸ್ತಾ ಇದೆ, ಕೇಳಿಸ್ತಾ ಇದೆ," ಯಾರೋ ಹುಡುಗಿಯ ದನಿ, ಬೆಟ್ಟದಾಚೆಯಿಂದ. "ಈಗಷ್ಟೇ ಸೆಟ್ಟು ಹಚ್ಚಿದೆ, ಯಾವ ಊರು ಹೇಳಿ ಅಮ್ಮ. ತಂಗಿಗೆ ಪ್ರಜ್ಞೆ ಇದೆಯಾ?" ಅದರ ಬೆನ್ನಿಗೇ ಒಂದು ಗಂಡು ದನಿ, "ನಾನೂ ಕೇಳಿಸಿಕೊಂಡೆ, ಇಲ್ಲಿ ಆಸ್ಪತ್ರೆ ಹತ್ತಿರವೇ ಇದ್ದೀನಿ, ಗಾಡಿ ಹೊರಡಿಸ್ತೀನಿ." ಅದರ ಮೇಲೆ ಮತ್ತೊಂದು, "ಹೇಳಿ ಅಮ್ಮ, ಹೇಳಿ, ಕಾಯ್ತಾ ಇದ್ದೀವಿ."

ಆಕೆ ಗುಂಡಿಯನ್ನು ಮತ್ತೆ ಒತ್ತಲಿಲ್ಲ. ಸೆಟ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಆರದೆ ಉರಿಯುತ್ತಿದ್ದ ಹಸಿರು ದೀಪವನ್ನು ನೋಡುತ್ತ ನಿಂತಳು.