ಅವಳು ಮುಟ್ಟಿದಾಗಲೇ ಬೀಳುವ ಸ್ವಿಚ್

ಬಟ್ಟೆ ಒಗೆಯುವ ಯಂತ್ರದ ಮೇಲೆ ಹೆಂಡತಿ ಕೈ ಇಟ್ಟಿದ್ದೇ ತಡ, ಟಪ್ಪೆಂದು ಟ್ರಿಪ್ ಸ್ವಿಚ್ ಬಿತ್ತು. ಫ್ಯಾನು ನಿಂತಿತು, ರೇಡಿಯೊ ಬಾಯಿ ಮುಚ್ಚಿತು.

"ರೀ, ಮತ್ತೆ ಬಿತ್ತು! ಈ ಸಲವೂ ಕೈ ಜುಮ್ಮಂತು" ಎಂದು ಅವಳು ಬಚ್ಚಲಿನಿಂದ ಕೂಗಿದಳು.

ಮನೆಯ ಮುಂದಿನ ಅಂಗಡಿಯಲ್ಲಿ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದ ಗಂಡನಿಗೆ ರೇಗಿಹೋಯಿತು. ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಏನು ಕೆಟ್ಟರೂ ಬೀದಿಯವರೆಲ್ಲ ಓಡಿಬರುತ್ತಿದ್ದುದು ಅವನ ಹತ್ತಿರವೇ. ಅಂಥವನ ಮನೆಯಲ್ಲೇ ಹೀಗಾದರೆ ಗಿರಾಕಿಗಳೆದುರು ತಲೆ ಎತ್ತುವುದು ಹೇಗೆ? ಬೇರೆ ಎಲೆಕ್ಟ್ರಿಷಿಯನ್ನನ್ನು ಕರೆಸುವುದಂತೂ ಅವನ ಜನ್ಮದಲ್ಲಿ ಆಗದ ಮಾತು.

ಅವನು ಹೋಗಿ ಸ್ವಿಚ್ ಎತ್ತಿದ. ಯಂತ್ರದ ತಗಡನ್ನು ಅಲ್ಲಿ ಇಲ್ಲಿ ಮುಟ್ಟಿ ತೋರಿಸಿದ. ಏನೂ ಆಗಲಿಲ್ಲ.

"ನೋಡು, ನಾನು ಮುಟ್ಟಿದ್ರೆ ಬೀಳಲ್ಲ, ನೀನು ಮುಟ್ಟಿದ್ರೆ ಮಾತ್ರ ಬೀಳುತ್ತೆ. ಇದು ಯಂತ್ರದ ರೋಗ ಅಲ್ಲ, ನಿನ್ನ ಕೈಗುಣ."

ಅಂಗಡಿಯಲ್ಲಿ ಮಿಕ್ಸಿಗಾಗಿ ಕಾಯುತ್ತಿದ್ದು, ಅವನ ಹಿಂದೆಯೇ ಬಂದು ಇಣುಕಿದ್ದ ಪಕ್ಕದ ಮನೆಯಾಕೆ ಕಿಸಕ್ಕನೆ ನಕ್ಕಳು. ಅವನಿಗೆ ಇನ್ನಷ್ಟು ಹುರುಪು ಬಂತು. "ಇವಳಿಗೆ ಕರೆಂಟೂ ಹೆದರುತ್ತೆ ಕಣ್ರೀ!" ಎಂದ. ಹೆಂಡತಿ ಒದ್ದೆ ಕೈ ಒರೆಸಿಕೊಂಡು ಒಳಗೆ ಹೋದಳು.

ಮಧ್ಯಾಹ್ನ ಅವನ ಅಕ್ಕ ಬಂದಳು. ಕಾರ್ಖಾನೆಯೊಂದರಲ್ಲಿ ವಿದ್ಯುತ್ ಸುರಕ್ಷತೆ ನೋಡಿಕೊಳ್ಳುವುದು ಅವಳ ಕೆಲಸ. ತಮ್ಮ ಆಗ ಟ್ರಿಪ್ ಸ್ವಿಚ್ಚಿನ ಬೋರ್ಡಿನೆದುರು ಸ್ಟೂಲ್ ಹತ್ತಿ, ಒಂದು ತುಂಡು ವೈರ್ ಹಿಡಿದು ನಿಂತಿದ್ದ.

"ಏನೋ ಅದು?"

"ಈ ಸ್ವಿಚ್ಚಿನ ಕಾಟ ಸಾಕಾಯ್ತಕ್ಕಾ. ಇದನ್ನ ಬಿಟ್ಟು ನೇರವಾಗಿ ವೈರ್ ಕೊಟ್ಟುಬಿಡ್ತೀನಿ. ಪೀಡೆ ತೊಲಗುತ್ತೆ."

"ಇಳಿ ಮೊದಲು. ಅದು ಯಾಕೆ ಬೀಳ್ತಿದೆ ಅಂತ ನೋಡಿದ್ಯಾ?"

"ನೋಡದೆ ಇರ್ತೀನಾ? ಮುಟ್ಟೇ ನೋಡಿದೆ. ಏನೂ ಇಲ್ಲ."

"ಅದು ಪರೀಕ್ಷೆ ಅಲ್ಲ, ಹುಚ್ಚಾಟ. ಮುಟ್ಟಿದಾಗ ಕಾಲಲ್ಲಿ ಏನಿತ್ತು?"

ಅವನು ಬಗ್ಗಿ ನೋಡಿಕೊಂಡ. ಕೆಲಸ ಮಾಡುವಾಗ ಎಂದೂ ಬಿಡದ ದಪ್ಪ ರಬ್ಬರ್ ಚಪ್ಪಲಿ.

"ಇವಳ ಕಾಲಲ್ಲಿ?"

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಬರಿಗಾಲು. ಬಚ್ಚಲಿನ ನೀರು ಇನ್ನೂ ಆರಿರಲಿಲ್ಲ.

"ಹೋದಷ್ಟು ಕರೆಂಟು ವಾಪಸ್ ಬರದೆ ಎಲ್ಲಾದ್ರೂ ಸೋರಿದ್ರೆ ಈ ಸ್ವಿಚ್ಚಿಗೆ ಗೊತ್ತಾಗುತ್ತೆ, ತಕ್ಷಣ ಬೀಳುತ್ತೆ. ಇಷ್ಟು ದಿನ ಸೋರಿದ್ದು ಇವಳ ಮೈ ಮೂಲಕ ಕಣೋ. ಇವಳನ್ನ ಉಳಿಸಿದ್ದನ್ನೇ ಕಿತ್ತುಹಾಕೋಕೆ ಹತ್ತಿದ್ದೀಯ."

ಅಕ್ಕ ಮೇನ್ ಆಫ್ ಮಾಡಿಸಿ ಯಂತ್ರದ ಪ್ಲಗ್ ಕೀಳಿಸಿದಳು. ಎರಡೇ ಪಿನ್.

"ಮೂರನೇದು ಎಲ್ಲಿ?"

"ಬಚ್ಚಲ ಸಾಕೆಟ್ಟಿಗೆ ಎರಡೇ ತೂತು ಇತ್ತು. ಅದಕ್ಕೇ... ಅರ್ಥಿಂಗಿನ ಹಸಿರು ವೈರ್ ಕತ್ತರಿಸಿಬಿಟ್ಟೆ."

ಹಿಂದಿನ ಮುಚ್ಚಳ ತೆಗೆದರೆ, ಮೋಟಾರಿಗೆ ಹೋಗುವ ವೈರಿನ ಹೊದಿಕೆ ಸವೆದು ತಾಮ್ರ ತಗಡಿಗೆ ತಾಗಿತ್ತು. ಹಸಿರು ವೈರ್ ಇದ್ದಿದ್ದರೆ ಸೋರಿದ ಕರೆಂಟು ಅದರ ಮೂಲಕವೇ ನೆಲಕ್ಕೆ ಹೋಗಿ, ಯಾರೂ ಮುಟ್ಟುವ ಮೊದಲೇ ಸ್ವಿಚ್ ಬೀಳುತ್ತಿತ್ತು. ಇದನ್ನು ಅಕ್ಕ ಹೇಳಬೇಕಾಗಿರಲಿಲ್ಲ. ಅವನಿಗೆ ಗೊತ್ತಿದ್ದ ವಿಷಯವೇ. ಗೊತ್ತಿದ್ದೂ ಕತ್ತರಿಸಿದ್ದೆನಲ್ಲ ಎಂದು ಅವನು ನಾಚಿಕೆಯಿಂದ ಕುಗ್ಗಿಹೋದ.

"ತಪ್ಪಾಯ್ತು ಕಣೆ."

"ಜುಮ್ಮಂತು, ಜುಮ್ಮಂತು ಅಂತ ಬಡ್ಕೊಂಡೆ" ಎಂದಳು ಹೆಂಡತಿ. "ನೀವು ಊರೋರ ಮುಂದೆ ನಕ್ಕಿರಿ."

ಅವನಿಗೆ ಇನ್ನೊಂದು ನೆನಪಾಯಿತು. ಅಂಗಡಿಗೆ ಬಂದ ಎಷ್ಟೋ ಸಾಮಾನಿಗೆ, ಗಿರಾಕಿ ಕೇಳಿದರೆಂದು, ಅವನು ಹೀಗೇ ಎರಡು ಪಿನ್ನಿನ ಪ್ಲಗ್ ಹಾಕಿಕೊಟ್ಟಿದ್ದ. ಅದನ್ನು ತಡವರಿಸುತ್ತಾ ಹೇಳಿದ.

"ಹಾಗಾದ್ರೆ ನನ್ನ ಮುಂದೆ ಯಾಕೆ ನಿಂತಿದ್ದೀರಿ?" ಎಂದಳು ಅವಳು. "ಹೋಗಿ, ಅವರಿಗೂ ಹೇಳಿ."

ಅವನು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದ.

"ನಿಮ್ಮ ಇಸ್ತ್ರಿಪೆಟ್ಟಿಗೆ ಉಪಯೋಗಿಸಬೇಡಿ. ಅದರ ಪ್ಲಗ್ ಕೆಡಿಸಿದ್ದು ನಾನೇ, ಸರಿ ಮಾಡಿಕೊಡ್ತೀನಿ. ಬೆಳಿಗ್ಗೆ ನನ್ನ ಹೆಂಡತಿ ಬಗ್ಗೆ ಹೇಳಿದ್ನಲ್ಲ, ಅದು ಸುಳ್ಳು. ಇನ್ನೊಂದು ದಿನ ಹೋಗಿದ್ರೆ ಅವಳನ್ನ ನಾನೇ ಕೊಂದುಬಿಡ್ತಿದ್ದೆ."

ಈ ಸಲ ಆಕೆ ನಗಲಿಲ್ಲ. ಅವನು ಮುಂದಿನ ಮನೆಗೆ ನಡೆದ.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಟ್ರಿಪ್ ಸ್ವಿಚ್ ಬಿದ್ದರೆ ಅದನ್ನು ಬೈಯಬೇಡಿ, ತಪ್ಪಿಸಿ ನೇರ ವೈರ್ ಕೊಡಿಸಬೇಡಿ. ಮೇನ್ ಆಫ್ ಮಾಡಿ, ಒಣ ಕೈಯಿಂದ ಎಲ್ಲ ಪ್ಲಗ್ ಕೀಳಿ. ಆಮೇಲೆ ಮೇನ್ ಆನ್ ಮಾಡಿ, ಸ್ವಿಚ್ ಎತ್ತಿ, ಕೈ ಜುಮ್ಮೆನಿಸಿದ್ದನ್ನು ಬಿಟ್ಟು ಉಳಿದವನ್ನು ಒಂದೊಂದೇ ಹಾಕುತ್ತಾ ಬನ್ನಿ. ಯಾವುದಕ್ಕೆ ಬೀಳುತ್ತದೋ ಅದನ್ನೂ, ಕೈ ಜುಮ್ಮೆನಿಸಿದ್ದನ್ನೂ ಬದಿಗಿಟ್ಟು ರಿಪೇರಿಗೆ ಕೊಡಿ. ಎಲ್ಲ ಕಿತ್ತ ಮೇಲೂ ಬಿದ್ದರೆ, ಅಥವಾ ಕಾರಣವೇ ತಿಳಿಯದಿದ್ದರೆ, ಬಲ್ಲ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಮೂರು ಪಿನ್ನಿನ ಪ್ಲಗ್ಗಿಗೆ ಕತ್ತರಿ ಹಾಕಬೇಡಿ, ಸಾಕೆಟ್ಟನ್ನೇ ಬದಲಾಯಿಸಿ. ಮನೆಯವರು ಯಾರೇ ಆಗಲಿ ಕೈ ಜುಮ್ಮಂತು ಎಂದರೆ ನಗಬೇಡಿ. ಆ ಕ್ಷಣವೇ ಅವರ ಮಾತನ್ನು ನಂಬಿ.