ಗಿರಿಜಮ್ಮ ತಂತಿ ದಾಟಿದ್ದು

ವೈಜಯಂತಿಯ ಹಳೆಯ ಕಂಪ್ಯೂಟರು ಆ ಮೇ ತಿಂಗಳಲ್ಲಿ ಕೊನೆಯುಸಿರು ಎಳೆಯುತ್ತಿತ್ತು. ಹತ್ತು ಸಲ ಸ್ವಿಚ್ಚು ಒತ್ತಿದರೆ ಒಂದು ಸಲ ಏಳುತ್ತಿತ್ತು. ಎದ್ದರೂ ಒಳಗಿನಿಂದ ಅಡಕೆ ಕತ್ತರಿಸಿದಂತೆ ಕಟಕಟ ಸದ್ದು. ನೋಡಿಹೋದ ರಿಪೇರಿಯವನು, "ಬಿಚ್ಚಿದರೆ ಉಳಿಯೋದಿಲ್ಲ, ಮೇಡಂ" ಎಂದು ಕೈತೊಳೆದುಕೊಂಡಿದ್ದ.

ಹಾಳಾಗಿ ಹೋಗಲಿ ಎನ್ನುವಂತಿರಲಿಲ್ಲ. ಮದುವೆಯಾಗಿ ದೆಹಲಿಗೆ ಬಂದು ಇಲ್ಲೇ ಮುದುಕಿಯರಾದ ಹದಿನೇಳು ಕನ್ನಡದ ಹೆಂಗಸರ ಮಾತು ಅದರೊಳಗಿತ್ತು. ಐದು ವರ್ಷ ಮನೆಮನೆಗೆ ಅಲೆದು, ಕ್ಯಾಸೆಟ್ಟಿನಲ್ಲಿ ಹಿಡಿದು, ಒಂದೊಂದೇ ಸಾಲನ್ನು ಟೈಪು ಮಾಡಿದ್ದಳು. ಟೈಪಾದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನವರ ಮಾತು ಹಿಡಿಯುವುದು ಅವಳ ಜಾಣತನ. ಆ ಜಾಣತನಕ್ಕೆ ಈಗ ದಿನಕ್ಕೆರಡು ಸಲ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಹದಿನೇಳರಲ್ಲಿ ಮೊದಲನೆಯವರು ಅವಳ ಅತ್ತೆ ಗಿರಿಜಮ್ಮ. ಅವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು, ಅವರ ದನಿಯ ಮೇಲೆ ಯಾರದೋ ಉಪ್ಪಿನಕಾಯಿಯ ಕಥೆ ಕೂತಿತ್ತು.

ಆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಯಂತ್ರ ಹೇಗೋ ಎದ್ದಿತು. ಎರಡು ಗಂಟೆಗೆ ಹೌಜ್ ಖಾಸಿನ ಅವರ ಗಲ್ಲಿಗೆ ದಿನವೂ ಕರೆಂಟು ಹೋಗುತ್ತಿತ್ತು. ಇನ್ವರ್ಟರು ಫ್ಯಾನು ಮತ್ತು ಲೈಟಿಗೆ ಮಾತ್ರ. ಮತ್ತೆ ಆರಿದರೆ ಇನ್ನು ಏಳುತ್ತದೆಂಬ ನಂಬಿಕೆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಷ್ಟರೊಳಗೆ ಎಲ್ಲವನ್ನೂ ಬೇರೆ ಕಂಪ್ಯೂಟರಿಗೆ ದಾಟಿಸಬೇಕಿತ್ತು. ಗಂಡ ಮುರಳೀಧರ ಮಕ್ಕಳಿಗೆ ಸೇತುವೆ ಕಟ್ಟುವುದನ್ನು ಕಲಿಸುವ ಪ್ರೊಫೆಸರು. ಎರಡು ಕಂಪ್ಯೂಟರ್ ನಡುವೆ ಸೇತುವೆ ಕಟ್ಟಿ ಎಂದರೆ ಮಾತ್ರ ಪೇಪರಿನ ಹಿಂದೆ ಅಡಗಿಕೊಂಡರು. ಕೊನೆಗೆ ಕೆಲಸ ಮಗಳು ನಿಹಾರಿಕಾಳ ಪಾಲಿಗೆ ಬಂತು.

ನಿಹಾರಿಕಾ ಇಂಜಿನಿಯರಿಂಗ್ ಎರಡನೇ ವರ್ಷ. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ತನ್ನ ಹೊಸ ಲ್ಯಾಪ್‌ಟಾಪನ್ನು ಹಳೆಯ ಯಂತ್ರದ ಪಕ್ಕ ಇಟ್ಟಳು. ಹಳೆಯದರ ಫ್ಲಾಪಿ ಡ್ರೈವು ಕೆಟ್ಟು ವರ್ಷವಾಗಿತ್ತು, ಪೆನ್ ಡ್ರೈವನ್ನು ಅದು ಗುರುತೇ ಹಿಡಿಯುತ್ತಿರಲಿಲ್ಲ. ಉಳಿದದ್ದು ತಂತಿಯ ದಾರಿಯೊಂದೇ.

"ಮೊದಲು ತಂದ ಕೇಬಲ್ ನಡೀಲಿಲ್ಲ ಅಂದ್ಯಲ್ಲ? ಇದೇನು ಬೇರೆ?" ವೈಜಯಂತಿ ಕನ್ನಡಕ ಏರಿಸಿದಳು.

"ಇದು ಕ್ರಾಸ್ ಕೇಬಲ್ ಅಮ್ಮಾ. ನೆಹರೂ ಪ್ಲೇಸ್‌ನಲ್ಲಿ ಕಂಪ್ಯೂಟರ್ ಅಂಗಡಿ ಭಯ್ಯಾ ಮುಂದೆ ನಿಂತು ನಿನ್ನೆ ಸಂಜೆ ಮಾಡಿಸಿದೆ. ಮಾಮೂಲಿ ಕೇಬಲ್‌ನಲ್ಲಿ ಇದರ ಬಾಯಿ ಅದರ ಬಾಯಿಗೇ ಹೋಗುತ್ತೆ. ಇಬ್ಬರೂ ಮಾತಾಡ್ತಾರೆ, ಕೇಳೋರು ಯಾರೂ ಇಲ್ಲ."

"ನಿಮ್ಮಪ್ಪನೂ ನಾನೂ ಇದ್ದ ಹಾಗೆ" ಎಂದು ವೈಜಯಂತಿ ತಂತಿಯ ಎರಡು ತುದಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. ಗಾಜಿನಂಥ ಪ್ಲಗ್ಗಿನೊಳಗೆ ಬಣ್ಣದ ಎಳೆಗಳು ಕಂಡವು. ಒಂದು ತುದಿಯಲ್ಲಿ ಕಿತ್ತಳೆ ಇದ್ದ ಜಾಗದಲ್ಲಿ ಇನ್ನೊಂದು ತುದಿಯಲ್ಲಿ ಹಸಿರು. ಇಷ್ಟೇ ಇಷ್ಟು ಅದಲು ಬದಲು! ಅವಳಿಗೆ ಕರೆಂಟಿನ ಚಿಂತೆ ಒಂದು ಗಳಿಗೆ ಮರೆತೇಹೋಯಿತು.

ನಿಹಾರಿಕಾ ಒಂದು ಕಂಪ್ಯೂಟರಿಗೆ ಒಂದು ನಂಬರು, ಇನ್ನೊಂದಕ್ಕೆ ಇನ್ನೊಂದು ನಂಬರು ಕೊಟ್ಟು, ಹಳೆಯ ಫೋಲ್ಡರನ್ನು ಹಂಚಿಕೊಳ್ಳುವ ಹಾಗೆ ಮಾಡಿದಳು. ನಾಲ್ಕು ಸಲ ಕೈಕೊಟ್ಟು ಐದನೆಯ ಸಲ ಲ್ಯಾಪ್‌ಟಾಪಿನ ಪರದೆಯಲ್ಲಿ ಹಳೆಯ ಯಂತ್ರದ ಹೆಸರು ಮೂಡಿತು. ಮುದುಕಿಯರೂ, ಅವರ ಫೋಟೋಗಳೂ ಒಬ್ಬೊಬ್ಬರಾಗಿ ದಾಟಿಬಂದರು. ಗಡಿಯಾರ ಒಂದೂವರೆ ತೋರಿಸುತ್ತಿತ್ತು.

"ಹೋ ಗಯಾ!" ಎಂದು ನಿಹಾರಿಕಾ ಗಿರಿಜಮ್ಮನ ಫೈಲು ತೆರೆದಳು.

ಪರದೆಯ ತುಂಬ ಇಂಗ್ಲಿಷಿನ ಚೂರುಪಾರು. ತಲೆಯ ಮೇಲೆ ಗೆರೆ ಹೊತ್ತ ಅಕ್ಷರಗಳು, ಪೌಂಡಿನ ಗುರುತು, ಸೊನ್ನೆ, ಚುಕ್ಕಿ. ಇನ್ನೊಂದು ಫೈಲು, ಮತ್ತೊಂದು ಫೈಲು, ಎಲ್ಲವೂ ಅದೇ ಕಥೆ.

"ದಾರಿಯಲ್ಲಿ ಕೆಟ್ಟಿದೆ" ಎಂದಳು ನಿಹಾರಿಕಾ.

"ಆಯ್ತು, ಹಳೇದರಿಂದ ಇನ್ನೊಂದು ಸಲ ತಗೋ."

"ಅಮ್ಮಾ... ಕಾಪಿ ಮಾಡಲಿಲ್ಲ ನಾನು. ಕಟ್ ಮಾಡ್ಬಿಟ್ಟೆ. ಅಲ್ಲಿ ಇಲ್ಲ ಈಗ."

ವೈಜಯಂತಿ ಮಗಳ ಕಣ್ಣು ತುಂಬಿದ್ದು ನೋಡಿ ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡಳು. ಕುರ್ಚಿ ಎಳೆದುಕೊಂಡು ಗಿರಿಜಮ್ಮನ ಫೈಲಿನ ಮುಂದೆ ಕೂತಳು. ಐದು ವರ್ಷ ಮಾಡಿದ ಕೆಲಸವನ್ನು ನೋಡದೆ ಎದ್ದುಹೋಗಲು ಅವಳಿಂದಾಗಲಿಲ್ಲ. ಜೊತೆಗೆ, ಕೆಟ್ಟದ್ದು ಹೇಗೆ ಕೆಟ್ಟಿದೆ ಎಂಬ ಕುತೂಹಲ ಅಳುವಿಗಿಂತ ಮೊದಲು ಬರುವುದು ಅವಳ ಹುಟ್ಟುಗುಣ.

ಮೊದಲ ಸಾಲಿನ ಶುರುವಿನಲ್ಲಿ ಒಂದು ಪಿ. ಆಮೇಲೆ ಗೆರೆ ಹೊತ್ತ ಇ, ಅಲೆ ಹೊತ್ತ ಎ, ಅರ್ಧದ ಗುರುತು, ಪುಟ್ಟ ಸೊನ್ನೆ, ಇನ್ನೊಂದು ಚಿಕ್ಕ ಇ. ಎರಡನೆಯ ಪ್ಯಾರಾ ಶುರುವಾಗಿದ್ದೂ ಅದೇ ಆರರಿಂದ. ಮೂರನೆಯದೂ ಅದೇ. ಅವಳು ಬೆರಳಿಟ್ಟು ಕೆಳಗೆ ಇಳಿದಳು. ಗಿರಿಜಮ್ಮ ಏನು ಹೇಳಹೊರಟರೂ ಮೊದಲು, "ಕೇಳಿಲ್ಲಿ" ಎನ್ನುತ್ತಿದ್ದರು. ಉಪ್ಪು ಕೇಳುವಾಗಲೂ ಕೇಳಿಲ್ಲಿ, ಸೊಸೆಯನ್ನು ಗದರುವಾಗಲೂ ಕೇಳಿಲ್ಲಿ.

"ನಿಹಾ, ಕೆಟ್ಟದ್ದು ಯಾವತ್ತಾದರೂ ಹೀಗೆ ಅಚ್ಚುಕಟ್ಟಾಗಿ ಕೆಡುತ್ತಾ? ನೋಡು, ಪ್ರತಿ ಪ್ಯಾರಾದಲ್ಲೂ ಅಜ್ಜಿ 'ಕೇಳಿಲ್ಲಿ' ಅಂತಿದಾರೆ. ಮಾತು ಇಲ್ಲೇ ಇದೆ. ವೇಷ ಬೇರೆ ಆಗಿದೆ ಅಷ್ಟೆ."

ನಿಹಾರಿಕಾ ಪರದೆ ನೋಡಿದಳು, ಅಮ್ಮನನ್ನು ನೋಡಿದಳು, ಹಣೆ ಬಡಿದುಕೊಂಡಳು. "ಫಾಂಟ್! ಕನ್ನಡದ ಫಾಂಟ್ ಹಳೇದರಲ್ಲೇ ಉಳಿದಿದೆ, ಅಕ್ಷರಕ್ಕೆ ವೇಷ ಹಾಕೋದು ಅದೇ! ಟೈಮೆಷ್ಟು?"

ಎರಡಕ್ಕೆ ಆರು ನಿಮಿಷವಿತ್ತು. ಹಳೆಯ ಯಂತ್ರ ಕಟಕಟ ಎನ್ನುತ್ತ, ಒಂದೊಂದು ಕಿಟಕಿ ತೆರೆಯಲೂ ಸತಾಯಿಸುತ್ತ, ಅಂತೂ ಆ ಪುಟ್ಟ ಫೈಲನ್ನು ಬಿಟ್ಟುಕೊಟ್ಟಿತು. ಈ ಸಲ ನಿಹಾರಿಕಾ ಬಾಯಿಬಿಟ್ಟು, "ಕಾಪಿ, ಕಾಪಿ" ಎಂದು ಹೇಳಿಕೊಂಡೇ ಒತ್ತಿದಳು. ಫಾಂಟು ದಾಟಿ ಇನ್ನೂ ಎರಡು ನಿಮಿಷವಾಗಿರಲಿಲ್ಲ, ಫ್ಯಾನು ಒಮ್ಮೆ ಮುಗ್ಗರಿಸಿ ಇನ್ವರ್ಟರಿಗೆ ಬಂತು. ಹಳೆಯ ಪರದೆ ಕಪ್ಪಾಯಿತು. ಕಟಕಟ ಸದ್ದು ನಿಂತ ಕೋಣೆ ವೈಜಯಂತಿಗೆ ಭಣಭಣ ಎನ್ನಿಸಿತು.

ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಲ್ಯಾಪ್‌ಟಾಪಿನಲ್ಲಿ ನಿಹಾರಿಕಾ ಫೈಲನ್ನು ಮತ್ತೆ ತೆರೆದಳು. ದುಂಡು ದುಂಡಾಗಿ ಕನ್ನಡ ಬಂತು. ವೈಜಯಂತಿ ನಾಚಿಕೆಯಿಲ್ಲದೆ ಅತ್ತಳು. ಬದುಕಿದ್ದಾಗ ಅತ್ತೆಯ ಮಾತಿಗೆ ಇಷ್ಟು ಸಂತೋಷಪಟ್ಟ ನೆನಪು ಅವಳಿಗಿರಲಿಲ್ಲ.

"ಸರಿಯಾಯ್ತಾ ಅಮ್ಮಾ?"

"ಕಾಣ್ತಿಲ್ವೇನೆ?"

"ನನಗೆ ಆಗಲೂ ಓದೋಕೆ ಬರ್ತಿರಲಿಲ್ಲ, ಈಗಲೂ ಬರಲ್ಲ. ದೋನೋ ಸೇಮ್" ಎಂದಳು ನಿಹಾರಿಕಾ. ಪರದೆಯನ್ನು ಅಮ್ಮನ ಕಡೆ ತಿರುಗಿಸಿ, "ಓದು. ಅಜ್ಜಿ ಏನು ಹೇಳಿದಾರೆ?" ಎಂದಳು.

ವೈಜಯಂತಿ ಮೂಗೊರೆಸಿಕೊಂಡು ಓದಿದಳು. "ಕೇಳಿಲ್ಲಿ. ನಾನು ಕರೋಲ್ ಬಾಗಿಗೆ ಬಂದಾಗ ಅಂಗಡಿಗಳ ಹಿಂದಿ ಬೋರ್ಡುಗಳೆಲ್ಲ ನನಗೆ ಬರೀ ಗೆರೆ. ಒಂದಕ್ಷರ ತಿಳೀತಿರಲಿಲ್ಲ. ಹಾಲಿನವನ ಹತ್ತಿರ ದಿನಕ್ಕೊಂದು ಅಕ್ಷರ ಕೇಳಿ ಕೇಳಿ ಕಲಿತೆ. ಅವನು ನಗುತ್ತಿದ್ದ, ನಗಲಿ ಅಂತ ಬಿಟ್ಟೆ."

ನಿಹಾರಿಕಾ ಕುರ್ಚಿಯನ್ನು ಅಮ್ಮನ ಪಕ್ಕಕ್ಕೆ ಎಳೆದುಕೊಂಡು ಪರದೆಯ ಮೇಲೆ ಬೆರಳಿಟ್ಟಳು.

"ಇದರಲ್ಲಿ 'ಕೇ' ಯಾವುದು? ನಗಬೇಡ, ತೋರಿಸು."