ಮಡಿಲಲ್ಲಿ ಮೊಸರಿನ ಗಡಿಗೆ

ದೀಪಾಲಿಯ ಹಳೆಯ ಆಟೋಮ್ಯಾಟಿಕ್ ಕಾರು ಗೇರು ಬದಲಾದಾಗಲೆಲ್ಲ ಹಿಂದಿನಿಂದ ಎಮ್ಮೆ ಗುಮ್ಮಿದಂತೆ ಜರ್ಕ್ ಹೊಡೆಯುತ್ತಿತ್ತು. ಅತ್ತೆ ರಾಜಮತಿ, ಹುಕ್ಕೇರಿಯಲ್ಲಿರುವ ಮಗಳಿಗೆಂದು ಒಯ್ಯುವ ಮೊಸರಿನ ಗಡಿಗೆಯನ್ನು ಮಡಿಲಲ್ಲಿ ಅವುಚಿಕೊಂಡು ಕಣ್ಣು ಮುಚ್ಚಿಬಿಡುತ್ತಿದ್ದರು. ಆದರೂ ಊರು ದಾಟುವುದರೊಳಗೆ ಅರ್ಧ ಮೊಸರು ಸೀರೆಯ ಪಾಲು.

"ಮಾರಿ ಬಿಡವಾ ಈ ಡಬ್ಬಾ ಗಾಡಿನ," ಎಂದರು ಅತ್ತೆ.

ಮೂಡಲಗಿಯ ಗ್ಯಾರೇಜಿನವನೂ ಗೇರ್‌ಬಾಕ್ಸೇ ಹೋಗಿದೆ ಎಂದ. ದೀಪಾಲಿಗೆ ರೇಗಿತು. ಮನೆಯ ಟ್ರ್ಯಾಕ್ಟರಿನ ಎಣ್ಣೆ ನೋಡುವ ಹಾಗೆಯೇ ಅವಳು ಮುಂಜಾನೆ ಎಂಜಿನ್ ತಣ್ಣಗಿದ್ದಾಗ ಇದರ ಗೇರ್ ಎಣ್ಣೆಯನ್ನೂ ನೋಡುತ್ತಿದ್ದಳು. ಅದು ಅಳತೆ ಕಡ್ಡಿಯ ಗುರುತಿನ ತನಕ ಇದ್ದೇ ಇರುತ್ತಿತ್ತು. ಈಗ ಗ್ಯಾರೇಜಿನ ಮುಂದೆಯೇ ಸಿಟ್ಟಿನಲ್ಲಿ ಎಂಜಿನ್ ಬಂದ್ ಮಾಡುವುದನ್ನೂ ಮರೆತು ಬಾನೆಟ್ ಎತ್ತಿ ಕಡ್ಡಿ ಎಳೆದಳು. ಎಣ್ಣೆ ಗುರುತಿಗಿಂತ ಎಷ್ಟೋ ಕೆಳಗಿತ್ತು!

"ಎಂಜಿನ್ ಚಾಲೂ ಇದ್ದಾಗ ನೋಡಬೇಕಾಗಿತ್ರಿ ಇದನ್ನ! ಬಂದ್ ಇದ್ದಾಗ ಎಣ್ಣಿ ಎಲ್ಲಾ ತಳಕ್ಕ ಇಳದು ಹೆಚ್ಚಿಗಿ ತೋರಸ್ತೈತಿ!" ಎಂದು ಕೂಗಿದಳು. ಗ್ಯಾರೇಜಿನವನು ಬಗ್ಗಿ ನೋಡಿ, ಸೋರುತ್ತಿದ್ದ ಪೈಪು ಬಿಗಿಸಿ, ಎಣ್ಣೆ ತುಂಬಿಸಿದ.

ಮರುದಿನ ಅತ್ತೆ ಎಂದಿನಂತೆ ಗಡಿಗೆ ಅವುಚಿ, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂತರು. ಕಾರು ಊರು ದಾಟಿತು, ದಾರಿಯ ಗೋಕಾಕವೂ ಹಿಂದೆ ಬಿತ್ತು.

"ಏ ದೀಪಾಲಿ," ಕಣ್ಣು ತೆರೆಯದೆಯೇ ಗದರಿದರು ಅತ್ತೆ, "ಇನ್ನ ಯಾವಾಗ ಗಾಡಿ ಚಾಲೂ ಮಾಡಿ ಹೊಂಡಾಕಿ?"